ಹಳೇ ಟ್ಯಾಬ್ ಮಾತಾಡಿತು

೨೦೨೪ರ ಮಾರ್ಚ್ ಹನ್ನೆರಡು, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಗಂಟಲಿನ ಡಾಕ್ಟರರಿಗಾಗಿ ಕಾಯುತ್ತಿದ್ದ ನಿವೃತ್ತ ಲ್ಯಾಬ್ ತಂತ್ರಜ್ಞರ ಎದುರು ಗಂಡ ಹೆಂಡತಿ ಕೂತಿದ್ದರು. ಕುತ್ತಿಗೆಗೆ ಪಟ್ಟಿ ಸುತ್ತಿದ್ದ ಗಂಡ ಹಳೇ ಟ್ಯಾಬಿನಲ್ಲಿ ಟೈಪ್ ಮಾಡಿದ್ದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು.

“ಆಪರೇಷನ್ ಆದಮೇಲೆ ಮೂರು ತಿಂಗಳು ಬಾಯಿಲ್ಲದೆ ಕಳೆದೆ,” ಎಂದಿತು ಟ್ಯಾಬ್.

“ಮನೆ ತಣ್ಣಗಿತ್ತು ಬಿಡಿ,” ಎಂದರು ಹೆಂಡತಿ. “ರಿಪೇರಿ ಅಂಗಡಿಯವನು ಈ ಟ್ಯಾಬ್ ಸತ್ತಿದೆ, ಮಾತಾಡೋ ಆ್ಯಪ್ ಇದಕ್ಕೆ ಹತ್ತಲ್ಲ, ಎಸೀರಿ ಅಂದಿದ್ದ.”

“ನಿನ್ನೆ ನಾನು ಮಲಗಿದ್ದಾಗ ನೀನು ಆ್ಯಪ್ ಹೇಗೆ ಹಾಕಿದೆ?”

“ತಾರೀಖು ನೋಡಿದೆ. ಇದರಲ್ಲಿ ಆಗಲೇ ೨೦೩೧! ಅದಕ್ಕೇ ಯಾವ ಅಪ್‌ಡೇಟೂ ಹತ್ತಿರ ಸುಳೀತಿರಲಿಲ್ಲ. ಯಾರು ಮುಂದೆ ಹಾಕಿದ್ದು?”

ಗಂಡ ಟ್ಯಾಬಿನ ಪರದೆ ಒರೆಸತೊಡಗಿದರು.

“ಹೇಳ್ರೀ, ಈಗ ಬಾಯಿ ಬಂದಿದೆಯಲ್ಲ!”

“ಆಟದಲ್ಲಿ ಜೀವ ಮುಗಿದಿತ್ತು. ತಾರೀಖು ಮುಂದೆ ಹಾಕಿದರೆ ಹೊಸ ಜೀವ ಕೊಡುತ್ತೆ.”

“ಐದು ಜೀವದ ಆಸೆಗೆ ಇದ್ದ ಒಂದು ಬಾಯೀನೂ ಕಳಕೊಂಡ್ರಿ! ನಾನು ತಾರೀಖು ಸರಿ ಮಾಡಿದೆ. ಎರಡು ಗಂಟೆ ಅಪ್‌ಡೇಟ್ ಆಯ್ತು, ಆ್ಯಪೂ ಬಂತು. ವಾಪಸ್ ಹೋಗ್ತಾ ಆ ಅಂಗಡೀಲಿ ನೀವೊಂದು ಮಾತಾಡ್ಬೇಕು.”

“ಏನಂತ?”

“ಸತ್ತಿಲ್ಲ ಅಂತ.”

ಅಷ್ಟರಲ್ಲಿ ಬಂದ ನರ್ಸ್, ಎಂದಿನಂತೆ ಹೆಂಡತಿಯನ್ನೇ ಕೇಳಿದಳು. “ಇವರಿಗೆ ನೋವಿದೆಯಾ?”

ಹೆಂಡತಿ ಗಂಡನ ಕಡೆ ತಿರುಗಿ ಕೂತರು. ತಂತ್ರಜ್ಞರ ಕಣ್ಣು ಲ್ಯಾಬಿನ ಅಭ್ಯಾಸಬಲದಿಂದ ಕೈಗಡಿಯಾರಕ್ಕೆ ಹೋಯಿತು.

“ನನ್ನನ್ನೇ ಕೇಳಮ್ಮ. ನೋವಿಲ್ಲ,” ಎಂದ ಟ್ಯಾಬಿನ ದನಿ ಇಡೀ ಕೋಣೆಗೆ ಕೇಳಿಸಿತು.

ನರ್ಸ್ ನಕ್ಕು ಬಾಗಿಲು ತೆರೆದಳು. ಇಬ್ಬರೂ ಒಳಗೆ ಹೋದರು. ತಂತ್ರಜ್ಞರ ಗಡಿಯಾರದಲ್ಲಿ, ಪ್ರಶ್ನೆಯಿಂದ ಉತ್ತರಕ್ಕೆ ಹಿಡಿದದ್ದು ಹನ್ನೊಂದು ಸೆಕೆಂಡು.