ಅಜ್ಜಿಯ ದೋಸೆಯ ಕೆಳಗೊಂದು ಲಿಂಕ್

ಮೊದಲೇ ಹೇಳಿಬಿಡುತ್ತೇನೆ, ಇವತ್ತು ಈ ಗುಡಿಯ ಮಂಟಪದಲ್ಲಿ ಒಬ್ಬರೂ ತೂಕಡಿಸುವುದಿಲ್ಲ. ಪುರಾಣ ಹೇಳುವ ಶಾಸ್ತ್ರಿಗಳಿಗೆ ಗಂಟಲು ಕಟ್ಟಿದೆ, ಮೈಕು ನನ್ನ ಕೈಗೆ ಬಂದಿದೆ. ಅವರು ಹದಿನೆಂಟು ವರ್ಷದಿಂದ ಪ್ರತಿ ಸೋಮವಾರ ಮಲಗಿಸಿದ ಜನರನ್ನು ನಾನು ಒಂದೇ ಸೋಮವಾರದಲ್ಲಿ ಎಬ್ಬಿಸುತ್ತೇನೆ. ಹೀರೋ ಬರುವಾಗ ಹಿಂದೆ ಮ್ಯೂಸಿಕ್ ಬೇಕು ಅಂತಾರೆ. ನನಗೆ ಅದೆಲ್ಲ ಬೇಡ. ಮೂರನೇ ಸಾಲಿನ ಯಜಮಾನರ ಕೆಮ್ಮು ಸಾಕು. ಒಮ್ಮೆ ಕೆಮ್ಮಿ ಯಜಮಾನ್ರೇ. ಹಾಂ, ಎಂಟ್ರಿ ಆಯಿತು. ಈಗ ಕಥೆ.

ಒಂದು ಊರು. ಆ ಊರಲ್ಲೊಬ್ಬ ಸಿರಿವಂತ. ಹೊಲ ಇಲ್ಲ, ಗದ್ದೆ ಇಲ್ಲ, ಕಾಲಲ್ಲಿರುವ ಚಪ್ಪಲಿ ಅಣ್ಣನದು. ಆದರೂ ಸಿರಿವಂತ. ಹೇಗೆ? ಹನ್ನೊಂದು ಸಾವಿರ ಫಾಲೋವರ್ಸ್.

ಗೊತ್ತಿಲ್ಲದ ಹಿರಿಯರಿಗೆ ಬಿಡಿಸಿ ಹೇಳುತ್ತೇನೆ. ಫೋನಿನೊಳಗೆ ಫೋಟೋ ಹಾಕುವ ಜಾಗ ಒಂದಿದೆ. ಇವನು ಹಾಕುತ್ತಾನೆ, ಅವರು ನೋಡುತ್ತಾರೆ, ನೋಡಿ ಒಂದು ಹೃದಯ ಒತ್ತುತ್ತಾರೆ. ಹೃದಯದಿಂದ ಚಪ್ಪಲಿ ಬರುವುದಿಲ್ಲವಲ್ಲ. ಅದಕ್ಕೆ ಅವನು ಫೋಟೋ ಜೊತೆಗೆ ಒಂದು ಲಿಂಕ್ ಹಾಕಲು ಶುರು ಮಾಡಿದ. ಅಫಿಲಿಯೇಟ್ ಲಿಂಕ್ ಅಂತ ಅದರ ಹೆಸರು. ನೀವು ಅದನ್ನು ಒತ್ತಿದರೆ ಆನ್‌ಲೈನ್ ಅಂಗಡಿಗೆ ಹೋಗುತ್ತೀರಿ. ಅಲ್ಲಿ ಏನಾದರೂ ಕೊಂಡರೆ ಅಂಗಡಿಯವನು ಇವನಿಗೆ ಕಮಿಷನ್ ಕೊಡುತ್ತಾನೆ. ಇದರಲ್ಲಿ ತಪ್ಪಿದೆಯಾ? ಇಲ್ಲ ನೋಡಿ. ನಮ್ಮ ದನದ ಸಂತೆಯ ದಲ್ಲಾಳಿಯೂ ಅದನ್ನೇ ಮಾಡುತ್ತಾನೆ. ಆದರೆ ದಲ್ಲಾಳಿ ತಾನು ದಲ್ಲಾಳಿ ಅಂತ ಹೇಳಿಕೊಂಡು ಓಡಾಡುತ್ತಾನೆ. ನಮ್ಮ ಸಿರಿವಂತ ತನ್ನ ಹೆಸರಿನ ಕೆಳಗೆ ‘ನಿಮ್ಮನೆ ಮಗ’ ಅಂತ ಬರೆದುಕೊಂಡಿದ್ದ.

ಮನೆ ಮಗ ಏನೇನು ಹೊಗಳಿದ? ಮಂಡಿನೋವಿನ ಪಟ್ಟಿ ಹೊಗಳಿದ, ಮಂಡಿ ಗಟ್ಟಿಯಾಗಿತ್ತು. ಬೋಳುತಲೆಯ ಎಣ್ಣೆ ಹೊಗಳಿದ, ತಲೆ ತುಂಬ ಕೂದಲಿತ್ತು. ಹಸುಗೂಸಿನ ಜೋಲಿ ಹೊಗಳಿದ. ಮದುವೆಯೇ ಆಗಿರಲಿಲ್ಲ.

ಅದೇ ಬೀದಿಯಲ್ಲಿ ಒಬ್ಬ ಅಜ್ಜಿ. ಬೆಳಗ್ಗೆ ಜಗುಲಿ ಮೇಲೆ ದೋಸೆ ಹೊಯ್ದು ಮಾರುವುದು, ಅದರಲ್ಲೇ ಜೀವನ. ಅವಳ ಹತ್ತಿರ ಒಂದು ಹಂಚು. ಅತ್ತೆಯ ಕಾಲದ ಕಬ್ಬಿಣ, ಅಂಗೈ ದಪ್ಪ, ಒಮ್ಮೆಗೆ ಮೂರು ದೋಸೆ. ಆ ಹಂಚು ಹುಟ್ಟಿದಾಗಿನಿಂದ ಸೋಪು ಕಂಡಿಲ್ಲ. ಬೆಳಗ್ಗೆ ಕಾದ ಮೇಲೆ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜುತ್ತಾಳೆ, ಮೊದಲ ದೋಸೆ ಎಷ್ಟೇ ಚೆನ್ನಾಗಿ ಎದ್ದರೂ ಮಾರುವುದಿಲ್ಲ, ಕಾಗೆಗೆ. ಎರಡನೆಯದರಿಂದ ವ್ಯಾಪಾರ. ನಲವತ್ತು ವರ್ಷ ಹೀಗೇ.

ಒಂದು ದಿನ ನಮ್ಮ ಸಿರಿವಂತ ಹೋಗಿ ಎರಡು ದೋಸೆ ತಿಂದ. ಮೂರನೆಯದರ ಫೋಟೋ ತೆಗೆದ. ಅಜ್ಜಿಯ ಕೈ ಕಾಣದ ಹಾಗೆ, ಹಂಚಿನ ಕಪ್ಪು ಅಂಚು ಕಾಣದ ಹಾಗೆ ಕತ್ತರಿಸಿದ. ಬಣ್ಣ ಸ್ವಲ್ಪ ಏರಿಸಿದ. ಈಗ ಲಿಂಕ್ ಬೇಕಲ್ಲ? ಅತ್ತೆ ಕಾಲದ ಹಂಚು ಯಾವ ಆನ್‌ಲೈನ್ ಅಂಗಡಿಯಲ್ಲೂ ಇಲ್ಲ. ಹುಡುಕಿದಾಗ ಸಿಕ್ಕಿದ್ದು ಗುಲಾಬಿ ಹಿಡಿಯ ನಾನ್‌ಸ್ಟಿಕ್ ಹಂಚು. ಅದರದೇ ಲಿಂಕ್ ಹಾಕಿ, ಮೇಲೆ ಬರೆದ: ‘ಈ ಹಂಚು ನನ್ನ ಬದುಕನ್ನೇ ಬದಲಾಯಿಸಿತು.’ ಆ ಬದುಕಿನಲ್ಲಿ ಅವನು ಒಂದು ದಿನವೂ ಒಲೆ ಹಚ್ಚಿದವನಲ್ಲ.

ನಾಲ್ಕು ದಿನ ಕಳೆಯಿತು. ದೋಸೆ ತಿನ್ನಲು ಬಂದ ಯಾರೋ ಆ ಫೋಟೋವನ್ನು ಅಜ್ಜಿಗೆ ತೋರಿಸಿ, ಹಂಚಿನ ಹೊಗಳಿಕೆಯನ್ನೂ ಓದಿ ಹೇಳಿದರು. ಅಜ್ಜಿ ಇವನನ್ನು ಕೂಗಿ ಕರೆದಳು.

“ತಮ್ಮಾ, ಈ ದೋಸಿ ಫೋಟೋ ನೀನು ಹಾಕಿದ್ದಂತೆ?”

“ಹೂಂ ಅಜ್ಜಿ.”

“ಎಂಥಾ ಬಣ್ಣ ಐತಿ ನೋಡು. ಎಂಥಾ ಗರಿ. ನಾನೂ ನಲವತ್ತು ವರ್ಷದಿಂದ ಹೊಯ್ಯಾಕತ್ತೀನಿ, ನನ್ನ ಕೈಲಿ ಹಿಂಗ ಒಂದು ದಿನ ಬರಲಿಲ್ಲ. ಎಲ್ಲಿ ತಿಂದಿ ಇದನ್ನ?”

ನೋಡಿ, ಇಲ್ಲಿ ನಿಲ್ಲೋಣ. ಸಿನಿಮಾ ಆಗಿದ್ದರೆ ಇದು ಇಂಟರ್ವಲ್. ಅವನು ‘ನಿಮ್ಮ ಜಗುಲಿ ಮೇಲೆ’ ಅಂತ ಮೂರು ಪದ ಹೇಳಿದ್ದರೆ ಕಥೆ ಮುಗಿಯುತ್ತಿತ್ತು, ನೀವೂ ಪ್ರಸಾದ ತೆಗೆದುಕೊಂಡು ಮನೆಗೆ ಹೋಗುತ್ತಿದ್ದಿರಿ. ಹೇಳಿದನಾ?

“ಹೊರಗ ಹೋದಾಗ ಅಜ್ಜಿ. ದೊಡ್ಡ ಹೋಟ್ಲು.”

“ಅದೇ ಅಂದ್ಕಂಡೆ. ಕೈ ಗುಣ ಅಲ್ಲಪ್ಪ, ಹಂಚಿನ ಗುಣ. ನಂದು ಎತ್ತಿ ಎತ್ತಿ ರಟ್ಟಿ ಬಿದ್ದು ಹೋಗ್ಯಾವ. ನೀನು ಚಲೋ ಐತಿ ಅಂದ್ಮ್ಯಾಲ ಚಲೋನೇ ಇರ್ತತಿ. ನಂಗೊಂದು ತರಿಸಿಕೊಡು.”

ಅವಳ ಫೋನ್ ತೆಗೆದುಕೊಂಡು ಅವನೇ ಒತ್ತಿದ. ಯಾವುದನ್ನು? ತನ್ನದೇ ಲಿಂಕನ್ನು. ಅವಳ ವಿಳಾಸವನ್ನೂ ಅವನೇ ತುಂಬಿದ. ಬಾಗಿಲ ನಂಬರ್ ತಪ್ಪಾಗಬಾರದು ಅಂತ ಎರಡು ಸಲ ಓದಿ ನೋಡಿದ. ಅಷ್ಟು ಜವಾಬ್ದಾರಿ.

ಹಂಚು ಬಂತು. ಫೋಟೋದಲ್ಲಿ ರಥದ ಚಕ್ರದಷ್ಟು ಕಂಡಿದ್ದು ಡಬ್ಬಿ ಒಡೆದಾಗ ಊಟದ ತಟ್ಟೆಯಷ್ಟಿತ್ತು. ಅದೇ ವಾರ ಹಳೇ ಕಬ್ಬಿಣಕ್ಕೆ ಪ್ಲಾಸ್ಟಿಕ್ ಬುಟ್ಟಿ ಕೊಡುವ ಗುಜರಿ ಗಾಡಿ ಬೀದಿಗೆ ಬಂತು. “ಇರೋದು ಒಂದೇ ಒಲಿ, ಎರಡು ಹಂಚು ಯಾಕ” ಅಂತ ಅಜ್ಜಿ ಹಳೆಯದನ್ನು ಕೊಟ್ಟುಬಿಟ್ಟಳು. ಅದು ಅಜ್ಜಿ ಒಬ್ಬಳೇ ಬೀದಿವರೆಗೆ ಹೊರುವ ಹಂಚಲ್ಲ. ಗಾಡಿಯವರೆಗೆ ಇನ್ನೊಂದು ಕಡೆ ಹಿಡಿದುಕೊಟ್ಟವನು ಯಾರು? ಮನೆ ಮಗ. ಅದಕ್ಕೆ ಬದಲಾಗಿ ಒಂದು ನೀಲಿ ಬುಟ್ಟಿ ಬಂತು. ಬುಟ್ಟಿ ಚೆನ್ನಾಗಿದೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ.

ಮಾರನೇ ದಿನ ಅಜ್ಜಿ ಗುಲಾಬಿ ಹಂಚು ಇಟ್ಟಳು. ಅಭ್ಯಾಸದಂತೆ ಈರುಳ್ಳಿ ಉಜ್ಜಿದಳು. ಹಿಟ್ಟು ಹೊಯ್ದು ಸೌಟು ತಿರುಗಿಸಿದರೆ ಹಿಟ್ಟು ಹಂಚಿಗೆ ಹಿಡಿಯಲೇ ಇಲ್ಲ, ಸೌಟಿನ ಹಿಂದೆ ಮುದ್ದೆಯಾಗಿ ಬಂತು. ಕಬ್ಬಿಣದ ಮಗುಚೋ ಕೈ ಹಾಕಿದಳು, ಕಪ್ಪು ಸಿಪ್ಪೆ ಎದ್ದಿತು. ಕಾಗೆ ಬಂದು ನೋಡಿ ಹೋಯಿತು. ಮೂರು ದೋಸೆ ಏಳುತ್ತಿದ್ದ ಹೊತ್ತಿನಲ್ಲಿ ಒಂದು, ಆ ಒಂದೂ ಹರಿದದ್ದು. ಜನ ಮೂರು ದಿನ ಕಾದರು, ನಾಲ್ಕನೇ ದಿನ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದರು. ಹತ್ತನೇ ದಿನ ಅಜ್ಜಿ ಹಿಟ್ಟು ರುಬ್ಬುವುದನ್ನೇ ಬಿಟ್ಟಳು. ಯಾರನ್ನೂ ಬೈಯಲಿಲ್ಲ. “ನನ್ನ ಕೈ ಹೋತು” ಅಂದಳು, ಅಷ್ಟೇ.

ಈಗ ಕ್ಲೈಮ್ಯಾಕ್ಸ್. ಸಿರಿವಂತನಿಗೆ ಜ್ಞಾನೋದಯ ಆಯಿತು. ಗುಜರಿ ಅಂಗಡಿಗೆ ಓಡಿದ. ಗುಡ್ಡದ ಹಾಗೆ ಬಿದ್ದ ಕಬ್ಬಿಣದ ರಾಶಿಯನ್ನು ಬರಿಗೈಲಿ ಬಗೆದ. ಕೈ ಕೊಯ್ದುಕೊಂಡ, ಲೆಕ್ಕಿಸಲಿಲ್ಲ. ರಾಶಿಯ ತಳದಲ್ಲಿ ಹಂಚು ಹೊಳೆಯಿತು. ತಲೆ ಮೇಲೆ ಹೊತ್ತು ಬೀದಿಯ ಉದ್ದಕ್ಕೂ ನಡೆದು ಬಂದ, ಸ್ಲೋ ಮೋಷನ್. ಅಜ್ಜಿಯ ಕಾಲಿಗೆ ಬಿದ್ದ. ಅಜ್ಜಿ ಎತ್ತಿ ಅಪ್ಪಿಕೊಂಡಳು. ಹಂಚು ಒಲೆಗೇರಿತು, ದೋಸೆ ಎದ್ದಿತು, ಕಾಗೆ ಬಂತು. ಶುಭಂ.

ಚಪ್ಪಾಳೆ ಸಾಕು. ಕಥೆ ಅವನದು, ಪಾಠ ನಿಮ್ಮದು.

ಗುಡಿ ಸಮಿತಿ ಅಧ್ಯಕ್ಷರೇ, ತಲೆ ಬಗ್ಗಿಸಬೇಡಿ. ಹೋದ ಹುಣ್ಣಿಮೆಗೆ ದೇವರ ಅಲಂಕಾರದ ಫೋಟೋ ಹಾಕಿ ಕೆಳಗೆ ದೀಪದ ಬತ್ತಿಯ ಲಿಂಕ್ ಕೊಟ್ಟಿದ್ದೀರಿ. ನಮ್ಮ ಗುಡಿಯ ಬತ್ತಿ ಹೊಸೆಯುವುದು ಪೂಜಾರಿಯವರ ಹೆಂಡತಿ. ನೀವು ಕೊಟ್ಟ ಬತ್ತಿ ಯಾವುದು? ಹಚ್ಚಿ ನೋಡಿದ್ದೀರಾ? ಆ ಹಸಿರು ಸೀರೆಯ ಅಕ್ಕ, ನಗಬೇಡಿ. ನಿಮ್ಮ ಉಪ್ಪಿನಕಾಯಿ ಫೋಟೋದ ಜಾಡಿ ನಿಮ್ಮ ಅಮ್ಮನದು, ಲಿಂಕಿನ ಜಾಡಿ ಬೇರೆ. ನಾನು ಎಲ್ಲ ನೋಡಿದ್ದೇನೆ. ನನಗೆ ಬೇರೆ ಕೆಲಸ ಇಲ್ಲ.

ನಾಳೆಯಿಂದ ಏನು ಮಾಡಬೇಕು? ಲಿಂಕ್ ಹಾಕುವವರು ಹಾಕಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಆ ವಸ್ತುವನ್ನು ನೀವು ಬಳಸಿರಬೇಕು. ಬಳಸಿಲ್ಲವೋ, ಬಾಯಿ ಮುಚ್ಚಿಕೊಂಡು ಬರೀ ಫೋಟೋ ಹಾಕಿ. ‘ನೀವು ಕೊಂಡರೆ ನನಗೆ ಕಮಿಷನ್ ಬರುತ್ತದೆ’ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ, ಮೂವತ್ತು ಹ್ಯಾಶ್‌ಟ್ಯಾಗಿನ ಕೆಳಗೆ ಬಚ್ಚಿಡಬೇಡಿ. ಫೋಟೋದಲ್ಲಿರುವುದು ಯಾರ ಕೈಕೆಲಸವೋ ಅವರ ಹೆಸರು ಹಾಕಿ. ಇನ್ನು ಕೊಳ್ಳುವವರು. ಫೋಟೋದಲ್ಲಿ ಏನೋ ಚೆಂದ ಕಂಡಿತೋ, ಒತ್ತುವ ಮೊದಲು ಒಮ್ಮೆ ಅಡುಗೆಮನೆಗೆ ಹೋಗಿ ಬನ್ನಿ. ಅದಕ್ಕಿಂತ ಒಳ್ಳೆಯದು ನಿಮ್ಮ ಹತ್ತಿರವೇ ಇರಬಹುದು. ಹೊಸದು ಒಂದು ತಿಂಗಳು ಕೆಲಸ ಮಾಡುವವರೆಗೆ ಹಳೆಯದನ್ನು ಗಾಡಿಗೆ ಹಾಕಬೇಡಿ. ಬುಟ್ಟಿ ಯಾವಾಗ ಬೇಕಾದರೂ ಸಿಗುತ್ತದೆ.

ಇಲ್ಲಿಗೆ ಮಂಗಳ ಹಾಡಬಹುದು. ಯಾರೋ ಎದ್ದು ನಿಂತರು. ಕೊಟ್ರಮ್ಮಜ್ಜಿ. ಏನಜ್ಜಿ? ಕೇಳಿಸಲಿಲ್ಲ, ಸ್ವಲ್ಪ ಜೋರಾಗಿ ಹೇಳಿ.

ಹಿಂದೆ ಕೂತವರಿಗೆ ನಾನೇ ಹೇಳುತ್ತೇನೆ. ಅಜ್ಜಿ ಹಂಚಿನ ವಿಷಯ ಕೇಳುತ್ತಿಲ್ಲ. “ಆ ಫೋಟೋದಾಗಿನ ದೋಸಿ ನಂದೇನಪ್ಪಾ?” ಅಂತ ಕೇಳುತ್ತಿದ್ದಾರೆ.

ಹೂಂ ಅಜ್ಜಿ. ನಿಮ್ಮದೇ.

ಮೈಕ್ ಆಫ್ ಮಾಡಬೇಡಪ್ಪ, ಇರಲಿ. ಎಲ್ಲರೂ ಕೇಳಿಬಿಡಲಿ. ದೊಡ್ಡ ಹೋಟೆಲ್ ಇಲ್ಲ. ನಿಮ್ಮ ಜಗುಲಿ, ನಿಮ್ಮ ಹಂಚು, ನಿಮ್ಮ ಕೈ. ನಾನು ಬಣ್ಣ ಏರಿಸಿದ್ದೇನೆ, ನಿಜ. ಏರಿಸದಿದ್ದರೂ ಅದು ಹಾಗೇ ಇತ್ತು. ನಿಮ್ಮ ಕೈ ಎಲ್ಲೂ ಹೋಗಿಲ್ಲ.

ಕ್ಲೈಮ್ಯಾಕ್ಸ್ ಮಾತ್ರ ಸುಳ್ಳು. ರಾಶಿ ಬಗೆದದ್ದು ಸುಳ್ಳು, ಕೈ ಕೊಯ್ದುಕೊಂಡದ್ದು ಸುಳ್ಳು, ಸ್ಲೋ ಮೋಷನ್ ಅಂತೂ ಪೂರ್ತಿ ಸುಳ್ಳು. ಗುಜರಿ ಅಂಗಡಿ ನಮ್ಮ ಮನೆಯಿಂದ ಮೂರನೇ ತಿರುವು. ಹಂಚು ಇನ್ನೂ ಅಲ್ಲಿದೆಯೋ, ಕರಗಿಸಲು ಕಳಿಸಿದರೋ, ನನಗೆ ಗೊತ್ತಿಲ್ಲ. ಐದು ವಾರ ದಿನಾ ಅದರ ಮುಂದೆಯೇ ಓಡಾಡಿದ್ದೇನೆ, ಒಂದು ದಿನವೂ ಒಳಗೆ ಹೋಗಿ ಕೇಳಲಿಲ್ಲ. ಸಿಕ್ಕಿಬಿಟ್ಟಿದ್ದರೆ ನಿಮಗೆ ತಂದುಕೊಡಬೇಕಿತ್ತು. ತಂದುಕೊಟ್ಟಿದ್ದರೆ, ಆ ದೋಸೆ ಯಾರದು ಅಂತ ಹೇಳಬೇಕಾಗುತ್ತಿತ್ತು.