ಮಲಗಿದವನನ್ನು ದಾಟಿದವರು

ಭಾನುವಾರ ಶಹಾಪುರದ ಹೊರಗೆ, ಮಲಗಿದ ಬುದ್ಧನ ಆಕಾರದ ಬೆಟ್ಟ ಪೂರ್ತಿ ಕಾಣುವ ಕಡೆ ಚಹಾ ಕುಡಿಯುತ್ತ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಬೆಟ್ಟ ನೋಡಲೆಂದೇ ಕೆಂಭಾವಿಯಿಂದ ಬಂದ ಗಂಡಹೆಂಡತಿ ಇದ್ದರು. ಇಬ್ಬರಿಗೂ ಐವತ್ತರ ಆಸುಪಾಸು.

"ಅದು ತಲಿ, ಅದು ಮೂಗು. ಎದಿ ಮ್ಯಾಲ ಕೈ ಇಟ್ಕೊಂಡಾನ, ನೋಡು," ಅಂದ ಗಂಡ.

"ಕಾಣ್ತದರಿ. ನಾವು ಅವತ್ತು ಎಲ್ಲಿ ದಾಟಿ ಬಂದಿವಿ?"

"ಯಾವತ್ತು?"

"ನನ್ನ ಕರಕೊಂಡು ಓಡಿ ಬಂದ ದಿನ. ನನ್ನ ತವರೂರು ಬೆಟ್ಟದ ಹಿಂದ ಅದ ಅಲ್ಲ?"

ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಹೊಟ್ಟಿ ಮ್ಯಾಲ ಇರಬೇಕು. ಅಲ್ಲಿ ತಗ್ಗು ಅದ."

"ಮಲಗಿದವ್ರನ್ನ ದಾಟಿದ್ರ ಹೊಳ್ಳಿ ಹಿಂದಕ್ಕ ದಾಟಬೇಕು, ಇಲ್ಲಂದ್ರ ಅವ್ರು ಬೆಳಿಯಂಗಿಲ್ಲ ಅಂತಿದ್ಳು ನಮ್ಮವ್ವ."

"ಇವ ಇನ್ನ ಎಷ್ಟು ಬೆಳೀಬೇಕು?"

"ನಗಬ್ಯಾಡ್ರಿ. ಇಪ್ಪತ್ತೆಂಟು ವರ್ಷ ಆತು, ನಾ ಹೊಳ್ಳಿ ದಾಟಿಲ್ಲ."

ಅವನು ಚಹಾದ ಗ್ಲಾಸು ಕೆಳಗಿಟ್ಟ.

"ನಿಮ್ಮಣ್ಣ ಬಾಗಲಾ ತಗೀತಾನೇನು?"

"ಗೊತ್ತಿಲ್ಲ. ಅವ್ವ ಇನ್ನ ಅದಾಳ."

"ಹಂಗಾದ್ರ ಬಸ್ಸಿಗಿ ಹೋಗೂಣು. ನಿನ್ನ ಮೊಣಕಾಲಿಗಿ ಬೆಟ್ಟ ಆಗಂಗಿಲ್ಲ."

"ಬಸ್ಸಿನಾಗ ಹೋದ್ರ ಸುತ್ತಿದಂಗ ಆಗ್ತದ, ದಾಟಿದಂಗ ಆಗಂಗಿಲ್ಲ."

ಅವನು ಎದ್ದು ಅಂಗಡಿಯ ಕೊಡದಿಂದ ಬಾಟಲಿಗೆ ನೀರು ತುಂಬಿಸಿಕೊಂಡ. ಕೆಂಭಾವಿ ಬಸ್ಸು ಬಂದು ನಿಂತು, ಹಾರ್ನ್ ಹೊಡೆದು ಹೋಯಿತು. ಅವರಿಬ್ಬರೂ ರಸ್ತೆ ದಾಟಿ ಬುದ್ಧನ ಹೊಟ್ಟೆಯ ಕಡೆ ನಡೆದರು. ಈ ಸಲ ಅವಳೇ ಮುಂದಿದ್ದಳು.