ಇರುವೆ ಓಡಿಸಿದ ಕಷಾಯ

ಮಾವನನ್ನ ಕೀಮೋಗೆ ಒಳಗೆ ಬಿಟ್ಟು, ಡೈಲಾಗು ಹೊರಗಿನ ಬೆಂಚಲ್ಲಿ ಕೂತಿದ್ದ. ಯಾರು ಏನೇ ಅಂದ್ರೂ ಸಿನಿಮಾ ಸ್ಟೈಲಲ್ಲಿ ತಿರುಗಿಸಿ ಕೊಡ್ತಾನೆ ಅಂತ ಮನೆಯವರು ಇಟ್ಟ ಹೆಸರು ಅದು. ಎದುರು ಬೆಂಚಲ್ಲಿ ತಲೆಗೆ ಬಟ್ಟೆ ಕಟ್ಟಿದ್ದ ಟೈಲರಮ್ಮ, ಪಕ್ಕದಲ್ಲಿ ಅವರ ನಾದಿನಿ.

“ಅತ್ತಿಗೆ, ಕಷಾಯದ ವಿಷಯ ಇವತ್ತಾದ್ರೂ ಡಾಕ್ಟರಿಗೆ ಹೇಳಿಬಿಡೋಣ.”

“ಯಾಕೆ? ಕೀಮೋಗೆ ನರ ಹಾಳಾಗಬಾರದು ಅಂತ ಬೇರು ಕುಟ್ಟಿ ಕಾಸಿಕೊಟ್ಟವಳೇ ನೀನು. ಈಗ ನೀನೇ ಹೆದರ್ಕೊಂಡ್ರೆ ಹೇಗೆ?”

“ಕೈಕಾಲು ಜುಮ್ ಅನ್ನೋದು?”

“ನಿಂತೇ ಹೋಯ್ತಲ್ಲೇ. ಹೋದ ತಿಂಗಳು ಮೈತುಂಬ ಇರುವೆ ಮೆರವಣಿಗೆ. ಈಗ ಹುಡುಕಿದ್ರೂ ಒಂದಿಲ್ಲ. ನಿನ್ನ ಕೈಗುಣ ಕಣೇ.”

“ಸೂಜಿಗೆ ದಾರ ಪೋಣಿಸೋಕಾಗುತ್ತಾ?”

“ಅದು ಕಣ್ಣಿನ ತೊಂದರೆ. ಕನ್ನಡಕ ಬದಲಾಯಿಸಬೇಕು.”

“ಹೇಳಿದ್ರೆ ಏನಾಗುತ್ತೆ ಅತ್ತಿಗೆ?”

“ಕಷಾಯ ನಿಲ್ಲಿಸು ಅಂತಾರೆ. ಆಮೇಲೆ ನನ್ನ ಬೆರಳು ಹೋದ್ರೆ ಮಷಿನ್ ಮುಂದೆ ನೀನು ಕೂರ್ತೀಯಾ? ಒಂದು ಜೇಬು ನೆಟ್ಟಗೆ ಹೊಲಿಯೋಕೆ ಬರಲ್ಲ ನಿಂಗೆ.”

ನಾದಿನಿ ನಗಲಿಲ್ಲ. ನರ್ಸ್ ಕರೆದ್ರು, ಇಬ್ಬರೂ ಎದ್ದು ಹೊರಟ್ರು. ಬೆಂಚಿನ ಕೆಳಗೆ ಒಂದು ಚಪ್ಪಲಿ ಉಳ್ಕೊಂಡಿತ್ತು. ಡೈಲಾಗು ಅದನ್ನೆತ್ಕೊಂಡು, ಹೀರೋ ಎಂಟ್ರಿ ಕೊಟ್ಟ ಹಾಗೆ ಅಡ್ಡ ಬಂದು ನಿಂತ.

“ಆಂಟಿ, ನಿಮ್ಮ ಚಪ್ಪಲಿ.”

“ನಂದಲ್ಲಪ್ಪ,” ಅಂದ್ರು ಟೈಲರಮ್ಮ, ಕೆಳಗೆ ನೋಡದೆ. “ನನ್ನವೆರಡೂ ಕಾಲಲ್ಲೇ ಇವೆ.”

ಅವರ ಎಡಗಾಲು ತಣ್ಣನೆ ನೆಲದ ಮೇಲೆ ಬರಿದಾಗಿತ್ತು. ನಾದಿನಿ ಆ ಕಾಲನ್ನೇ ನೋಡ್ತಾ ನಿಂತ್ರು. ಆಮೇಲೆ ಅವನ ಕೈಯಿಂದ ಚಪ್ಪಲಿ ಇಸ್ಕೊಂಡು, ಅತ್ತಿಗೆಗಿಂತ ಮುಂಚೆ ತಾವೇ ಡಾಕ್ಟರ ರೂಮಿನ ಬಾಗಿಲು ತಳ್ಳಿ ಒಳಗೆ ಹೋದ್ರು.